ಇಂದಕ್ಕನ ಬೆಂಚಿನ ಬಿಸಿ

ನಮ್ಮೂರಿನಲ್ಲಿ ಯಾರಾದರೂ ಕುರ್ಚಿ ಬಿಟ್ಟು ಎದ್ದರೆ ಪಕ್ಕದವರು ಅದರ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದವರು ಕೂತ ಜಾಗ ಬಿಸಿಯಾಗುತ್ತದೆ, ಹೇಳದವರದ್ದು ಆಗುವುದಿಲ್ಲ, ಅಷ್ಟೆ. ಮೈಯ ಕಾವು ಬೇರೆ, ಅದು ಎರಡು ನಿಮಿಷಕ್ಕೆ ಆರಿಹೋಗುತ್ತದೆ. ಇದು ಗಂಟೆಗಟ್ಟಲೆ ನಿಲ್ಲುತ್ತದೆ. ಅದಕ್ಕೇ ನಮ್ಮ ಪುರಸಭೆಯ ಸದಸ್ಯರು ಎಷ್ಟು ಹೊತ್ತಿನ ಸಭೆಯಾದರೂ ನಿಂತುಕೊಂಡೇ ಮಾತಾಡುತ್ತಾರೆ. ಹೆಣ್ಣು ನೋಡಲು ಬಂದ ಗಂಡು ಉಪ್ಪಿಟ್ಟು ತಿಂದು ಕೈ ತೊಳೆಯಲು ಎದ್ದನೋ ಇಲ್ಲವೋ, ಹುಡುಗಿಯ ಸೋದರತ್ತೆ ಹೋಗಿ ಅವನ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. ಹೊರಗಿನಿಂದ ಬಂದ ನೆಂಟರು ಇದನ್ನೆಲ್ಲ ನೋಡಿ ಕಣ್ಣುಕಣ್ಣು ಬಿಡುತ್ತಾರೆ. ನಾವು ಅವರಿಗೆ ಇನ್ನೊಂದು ಲೋಟ ಕಾಫಿ ಕೊಡುತ್ತೇವೆ.

ಇಂಥ ಊರಿನಲ್ಲಿ ನಾನು ಆಪ್ತಸಮಾಲೋಚಕಿ. ಹೆಸರು ಮಂದಾಕಿನಿ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತ ಪಕ್ಕದ ನಗರದ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷ ತರಬೇತಿ ಮುಗಿಸಿ, ಅಲ್ಲಿಯದೇ ಕುಡಿತ ಬಿಡಿಸುವ ವಾರ್ಡಿನಲ್ಲಿ ಮೂರು ವರ್ಷ ದುಡಿದು ಬಂದವಳು. ಬೇಕರಿಯ ಮೇಲಿನ ಕೋಣೆಯಲ್ಲಿ ಸ್ವಂತವಾಗಿ ಕೂತು ಹನ್ನೊಂದು ವರ್ಷವಾಯಿತು. ಗೋಡೆಯ ಮೇಲೆ ನಾಲ್ಕು ಸರ್ಟಿಫಿಕೇಟುಗಳಿಗೆ ಗಾಜು ಹಾಕಿಸಿ ತೂಗುಹಾಕಿದ್ದೇನೆ. ಅವನ್ನು ಈವರೆಗೆ ಓದಿದವನು ಸುಣ್ಣ ಬಳಿಯಲು ಬಂದವನೊಬ್ಬನೇ. ಉಳಿದವರೆಲ್ಲ ಒಳಗೆ ಬಂದವರೇ ಮೊದಲು ಬಂದವರಿಗೆಂದು ಹಾಕಿರುವ ತೇಗದ ಕೈಕುರ್ಚಿಯ ಮೇಲೆ ಅಂಗೈ ಇಡುತ್ತಾರೆ, ಹಿಂದೆ ಬಂದುಹೋದವರದ್ದು ಎಷ್ಟು ಬಿಸಿಯಿದೆ ಅಂತ. ಆಮೇಲೆ ನನ್ನ ಮುಖ ನೋಡುತ್ತಾರೆ.

ಆಸ್ಪತ್ರೆಯಲ್ಲಿ ನನಗೆ ಕಲಿಸಿದ ಹಿರಿಯ ಮೇಡಂ ಎರಡೇ ಮಾತು ಹೇಳಿದ್ದರು. ಬಂದವರ ಎದುರಿಗೆ ನೇರ ಕೂರಬೇಡ, ಪೊಲೀಸರ ಹಾಗಿರುತ್ತದೆ. ಅವರ ಎಡಗಡೆಗೆ ಸ್ವಲ್ಪ ಓರೆಯಾಗಿ ಕೂರು. ಮತ್ತೆ, ಹತ್ತು ಪ್ರಶ್ನೆ ಕೇಳಬೇಡ, ‘ಆಮೇಲೆ?’ ಅಂತ ಒಂದನ್ನೇ ಕೇಳು. ಹದಿನಾರು ವರ್ಷದಿಂದ ನಾನು ಎಡಗಡೆಗೇ ಕೂತಿದ್ದೇನೆ, ‘ಆಮೇಲೆ?’ ಅಂತಲೇ ಕೇಳಿದ್ದೇನೆ. ನಾನು ಕೂರುವ ಕುರ್ಚಿ ಮಾತ್ರ ಯಾವತ್ತೂ ತಣ್ಣಗೆ. ಇರಬೇಕಾದ್ದೂ ಹಾಗೆಯೇ, ನಮ್ಮ ಕೆಲಸದಲ್ಲಿ ನಮ್ಮ ಕಥೆ ಹೇಳುವಂತಿಲ್ಲ. ಬಂದವರ ಕುರ್ಚಿಯಂತೂ ಒಳ್ಳೆಯ ದಿನಗಳಲ್ಲಿ ಸಂಜೆ ಬೀಗ ಹಾಕುವವರೆಗೂ ಬೆಚ್ಚಗಿರುತ್ತಿತ್ತು. ಐದು ಗಂಟೆಯಾದರೆ ಬೇಕರಿಯ ಬೆಕ್ಕು ಮೆಟ್ಟಿಲು ಹತ್ತಿ ಬಂದು ಅದರ ಮೇಲೆ ಸುರುಳಿ ಸುತ್ತಿಕೊಂಡು ಮಲಗುತ್ತಿತ್ತು. ಆ ಬೆಕ್ಕನ್ನು ನೋಡಿದರೆ ನನಗೆ ನಾಲ್ಕೂ ಸರ್ಟಿಫಿಕೇಟು ಒಟ್ಟಿಗೆ ನೋಡಿದಷ್ಟು ಹೆಮ್ಮೆಯಾಗುತ್ತಿತ್ತು.

ಎರಡು ವರ್ಷದ ಹಿಂದೆ ಆ ಬೆಕ್ಕು ಬರುವುದು ನಿಂತಿತು. ಹುಡುಕಿದರೆ ಇಂದಕ್ಕನ ಜಗುಲಿಯಲ್ಲಿದೆ ಅಂದರು.

ಇಂದಕ್ಕ ಅಂದರೆ ಇಂದುಮತಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ಅರವತ್ತು ದಾಟಿದ ಹೆಂಗಸು, ‘ಅವರು’ ಅನ್ನಬೇಕು. ಆದರೆ ಮನಸ್ಸಿನಲ್ಲಿ ನಾನು ‘ಅವಳು’ ಅಂತಲೇ ಅಂದುಕೊಳ್ಳುವುದು, ಇಲ್ಲಿ ಬರೆಯುವಾಗ ಹೊಸದಾಗಿ ಮರ್ಯಾದೆ ಯಾಕೆ. ಎಕ್ಸ್‌ಚೇಂಜು ಮುಚ್ಚಿದಾಗ ಅಲ್ಲಿದ್ದ ಉದ್ದನೆಯ ಮರದ ಬೆಂಚನ್ನು ಮನೆಗೆ ತಂದು ಜಗುಲಿಯಲ್ಲಿ ಹಾಕಿಕೊಂಡಳು. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ, ಅದಿಲ್ಲದಾಗ ಬಟಾಣಿ, ಅದೂ ಇಲ್ಲದಾಗ ಮೊರದಲ್ಲಿ ಅಕ್ಕಿ. ಹೋದವರು ಬೆಂಚಿನ ಈ ತುದಿಯಲ್ಲಿ ಕೂತು ಸುಲಿಯುತ್ತ ಮಾತಾಡುವುದು, ಅವಳು ಆ ತುದಿಯಲ್ಲಿ ಸುಲಿಯುತ್ತ ಕೇಳುವುದು. ಮಾತು ನಿಂತರೆ ‘ಹೇಳಿ, ಲೈನ್‌ನಲ್ಲಿದ್ದೀನಿ’ ಅನ್ನುತ್ತಾಳಂತೆ. ಇಷ್ಟೇ ಅವಳ ವಿದ್ಯೆ.

ಆ ಬೆಂಚು ಒಬ್ಬರು ಕೂತೆದ್ದರೆ ಮೂರು ದಿನ ಆರುವುದಿಲ್ಲ. ಇದನ್ನು ನಾನು ಮೊದಲು ನಂಬಲಿಲ್ಲ. ಆದರೆ ಚಳಿಗಾಲದಲ್ಲಿ ಆ ಬೀದಿಯ ಹೆಂಗಸರೆಲ್ಲ ಸಂಜೆ ದೋಸೆಹಿಟ್ಟಿನ ಪಾತ್ರೆ ತಂದು ಅವಳ ಬೆಂಚಿನ ಮೇಲೆ ಸಾಲಾಗಿ ಇಟ್ಟುಹೋಗುವುದನ್ನು ಕಣ್ಣಾರೆ ಕಂಡೆ. ಬೆಳಿಗ್ಗೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿರುತ್ತಿತ್ತು. ನನ್ನ ಕೋಣೆಯ ತೇಗದ ಕುರ್ಚಿಯ ಮೇಲೂ ಒಂದು ಸಲ ಹಿಟ್ಟು ಇಟ್ಟುನೋಡಿದೆ. ಹುಳಿಯೇ ಬರಲಿಲ್ಲ, ದೋಸೆ ಕಾವಲಿಗೆ ಕಚ್ಚಿಕೊಂಡಿತು.

ನನ್ನಲ್ಲಿಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಡ್ರಿಲ್ ಮೇಷ್ಟ್ರು ಎಲಿಯಾಸ್, ನಾಲ್ಕು ವರ್ಷ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದವರು, ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡು ಕೊತ್ತಂಬರಿ ಸೊಪ್ಪಿನ ಹಿಂದೆ ಮುಖ ಮರೆಸಿಕೊಳ್ಳಲು ನೋಡಿದರು. ಹಿಡಿದು ನಿಲ್ಲಿಸಿ ಕೇಳಿದೆ.

“ತಪ್ಪು ತಿಳೀಬೇಡಿ ಮೇಡಂ. ನಿಮ್ಮ ಹತ್ರ ಮಾತಾಡಿದ್ರೆ ನನಗೇನಾಗಿದೆ ಅಂತ ಗೊತ್ತಾಗ್ತಿತ್ತು. ಅಲ್ಲಿ ಮಾತಾಡಿದ್ರೆ ಹಸಿವಾಗುತ್ತೆ” ಅಂದರು.

ಆ ದಿನ ನಾನು ಮನೆಗೆ ಬಂದು ಒಂದು ಪಟ್ಟಿ ಮಾಡಿದೆ, ಇಂದಕ್ಕ ಕಸಿದುಕೊಂಡವರದ್ದು. ಎಲ್ಲಕ್ಕಿಂತ ಮೇಲೆ ಬರೆದ ಹೆಸರು ವಾಮನ ರಾವ್. ಈ ಮನುಷ್ಯನನ್ನು ನಾನು ನೋಡಿಯೇ ಇಲ್ಲ. ನನ್ನಲ್ಲಿಗೆ ಬರಬೇಕಾದವರು ಬೇಕರಿಯ ಪಕ್ಕ ಮೆಟ್ಟಿಲ ಬುಡದಲ್ಲಿರುವ ತಗಡಿನ ಡಬ್ಬಿಯಲ್ಲಿ ಹೆಸರು, ದಿನ, ಹೊತ್ತು ಬರೆದು ಚೀಟಿ ಹಾಕುವುದು ವಾಡಿಕೆ. ಎರಡು ವರ್ಷದಲ್ಲಿ ಮೂರು ಸಲ ವಾಮನ ರಾವ್ ಎಂಬ ಹೆಸರಿನ ಚೀಟಿ ಬಂತು. ದೊಡ್ಡ ದೊಡ್ಡ ಅಕ್ಷರ, ಅಚ್ಚು ಹೊಡೆದ ಹಾಗೆ ಬಿಡಿಬಿಡಿಯಾಗಿ. ಮೂರು ಸಲವೂ ಆಸಾಮಿ ಬರಲಿಲ್ಲ. ಒಬ್ಬೊಬ್ಬರಿಗೆ ಮೀಸಲಿಡುವ ಐವತ್ತು ನಿಮಿಷವೂ ನಾನು ಖಾಲಿ ಕುರ್ಚಿಯ ಎಡಗಡೆ ಕೂತು ಕಾದೆ. ಮೊದಲನೆಯ ಸಲ ಬಾಳೆಹಣ್ಣು ತಿಂದೆ. ಎರಡನೆಯ ಸಲ, ಪಕ್ಕಾ ಇಂದಕ್ಕನ ಜಗುಲಿಗೆ ಹೋಗಿರಬೇಕು ಅಂತ ಹೊಟ್ಟೆ ಉರಿಯಿತು. ಮೂರನೆಯ ಸಲ ಕಣ್ಣಲ್ಲಿ ನೀರು ಬಂತು.

ಹೊಟ್ಟೆಕಿಚ್ಚು ಅಂತ ಬಂದವರಿಗೆ ನಾನು ಹೇಳುವುದೇನೆಂದರೆ, ಅದನ್ನು ಅದುಮಿಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿ, ನಿಮಗೇನು ಬೇಕಾಗಿದೆ ಅಂತ ಅದು ಹೇಳುತ್ತದೆ. ಬಹಳ ಚೆನ್ನಾಗಿರುವ ಮಾತು. ನನ್ನ ಹೊಟ್ಟೆಕಿಚ್ಚನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅದು ಹೇಳುತ್ತಿದ್ದದ್ದು ಒಂದೇ, ಆ ಬೆಂಚಿಗೆ ಗೆದ್ದಲು ಹಿಡಿಯಲಿ.

ಇನ್ನು ನನ್ನ ಯಜಮಾನರ ವಿಷಯ. ಚಿದಂಬರ ಅಂತ, ಕನ್ನಡಕದ ಅಂಗಡಿ. ಮದುವೆಯಾಗಿ ಹತ್ತೊಂಬತ್ತು ವರ್ಷ. ಒಳ್ಳೆಯ ಮನುಷ್ಯ, ಜಗಳವಿಲ್ಲ, ಗಲಾಟೆಯಿಲ್ಲ. ಸಂಜೆ ಅಂಗಡಿ ಮುಚ್ಚಿ ಬೇಕರಿಗೆ ಬರುತ್ತಾರೆ, ನನ್ನ ಕೋಣೆಗೆ ಬೀಗ ಹಾಕಿಸಿಕೊಂಡು ಒಟ್ಟಿಗೆ ಮನೆಗೆ ಹೋಗುತ್ತೇವೆ. ಊಟದ ಮೇಜಿನಲ್ಲಿ ನಾನು ಅವರ ಎಡಗಡೆ ಕೂರುತ್ತೇನೆ, ಅಭ್ಯಾಸ. ಹೊಸ ಫ್ರೇಮು ಬಂದದ್ದು, ನಲ್ಲಿಯಲ್ಲಿ ನೀರು ಬಾರದ್ದು, ಸಾರಿಗೆ ಉಪ್ಪು ಕಡಿಮೆಯಾದದ್ದು, ಇಷ್ಟು ಮಾತು. ಅವರು ಕೈ ತೊಳೆಯಲು ಎದ್ದಾಗ ನಾನು ಅವರ ಕುರ್ಚಿ ಮುಟ್ಟಿ ನೋಡುತ್ತೇನೆ. ಹತ್ತೊಂಬತ್ತು ವರ್ಷವೂ ತಣ್ಣಗೆ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಓದಿದವಳಲ್ಲವೇ, ಒಂದು ತೀರ್ಮಾನಕ್ಕೆ ಬಂದೆ: ಕೆಲವರ ಒಳಗೆ ಹೇಳುವಂಥದ್ದೇನೂ ಇರುವುದಿಲ್ಲ. ಹೀಗೆ ತೀರ್ಮಾನಿಸಿದ ಮೇಲೆ ಮನಸ್ಸಿಗೆ ಹಾಯೆನಿಸಿತು. ಭಾನುವಾರ ಅವರೆಕಾಯಿ ಸುಲಿಯಲು ಕೂತರೆ ಅವರು ಸುಲಿದ ಸಿಪ್ಪೆಯನ್ನು ಬಿಸಾಡದೆ ಒಂದರೊಳಗೆ ಒಂದು ಸಿಕ್ಕಿಸಿ ರೈಲಿನ ಹಾಗೆ ಉದ್ದಕ್ಕೆ ಮಾಡುತ್ತಾರೆ. ಇದು ಶುರುವಾದದ್ದೂ ಈಚೆಗೆ, ಎರಡು ವರ್ಷದಿಂದ. ಐವತ್ತರ ಮನುಷ್ಯ ಮಗುವಿನ ಹಾಗೆ ಆಡುತ್ತಾರಲ್ಲ ಅಂತ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಕಳೆದ ಚಳಿಗಾಲದ ಒಂದು ಶನಿವಾರ ನನಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಒಬ್ಬರೂ ಬಂದಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಛತ್ರಿ ಹಿಡಿದು ಇಂದಕ್ಕನ ಮನೆಗೆ ಹೊರಟೆ. ಇದು ಯಾರು ಬೇಕಾದರೂ ಮಾಡುವ ಕೆಲಸವಲ್ಲ, ಇದಕ್ಕೆ ಓದಿರಬೇಕು, ಹೆಚ್ಚುಕಡಿಮೆಯಾದರೆ ಜೀವ ಹೋಗುತ್ತದೆ ಅಂತ ಖಡಾಖಂಡಿತ ಹೇಳಿಬರುವುದು ನನ್ನ ಉದ್ದೇಶ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

“ಬನ್ನಿ ಡಾಕ್ಟ್ರಮ್ಮ, ಬಿಸಿಲಲ್ಲಿ ಬಂದಿದ್ದೀರ. ನೀರು ತರ್ತೀನಿ” ಅಂತ ಇಂದಕ್ಕ ಒಳಗೆ ಹೋದಳು. ನಾನು ಡಾಕ್ಟರಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಬೆಂಚಿನ ಈಚೆ ತುದಿಯಲ್ಲಿ ಕೂತೆ. ಕೂತವಳು ಹಾಗೆಯೇ ಎದ್ದುನಿಂತೆ. ಸೀರೆಯ ಮೇಲಿಂದಲೂ ಸುಟ್ಟಿತು. ಈಗತಾನೇ ಯಾರೋ ಎದ್ದುಹೋಗಿದ್ದಾರೆ, ಒಳಗಿರುವುದನ್ನೆಲ್ಲ ಬಸಿದು ಹೋಗಿದ್ದಾರೆ. ಯಾರಿರಬಹುದು, ನನ್ನವರಲ್ಲಿ ಯಾರು ಅಂತ ಸುತ್ತ ನೋಡಿದೆ. ಬೆಂಚಿನ ಕಾಲಿನ ಹತ್ತಿರ ಅವರೆಕಾಯಿಯ ಸಿಪ್ಪೆ ಬಿದ್ದಿತ್ತು. ಆ ತುದಿಯಲ್ಲಿ ಗುಡ್ಡೆಯಾಗಿ, ಈ ತುದಿಯಲ್ಲಿ ಒಂದರೊಳಗೆ ಒಂದು ಸಿಕ್ಕಿಸಿದ ಉದ್ದನೆಯ ರೈಲಾಗಿ.

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಅಲ್ಲೇ ಒಂದು ಗಳಿಗೆ ಮಲಗುತ್ತೇನೆ ಅಂತ ನನ್ನ ಗಂಡ ಹೇಳುತ್ತಿದ್ದದ್ದು ನೆನಪಾಯಿತು.

ಇಂದಕ್ಕ ನೀರು ತಂದಾಗ ನನ್ನ ಬಾಯಿಪಾಠ ಒಂದೂ ನೆನಪಿರಲಿಲ್ಲ. “ನಮ್ಮ ಯಜಮಾನ್ರು ಇಲ್ಲಿಗೆ ಬರ್ತಾರಾ?” ಅಂದೆ.

ಅವಳು ಲೋಟ ಕೈಗೆ ಕೊಟ್ಟು ಕೂತಳು. “ತುಂಬ ಜನ ಬರ್ತಾರಮ್ಮ.”

“ಏನು ಹೇಳ್ತಾರೆ ಅವರು?”

“ಮೂವತ್ತೊಂದು ವರ್ಷ ಈ ಕಿವಿಗೆ ಊರಿನ ಮಾತೆಲ್ಲ ಬಿದ್ದಿದೆ. ಈ ಕಡೆ ಲೈನಿನದ್ದು ಆ ಕಡೆ ಲೈನಿಗೆ ಒಂದು ದಿನಾನೂ ಹೇಳಿಲ್ಲ.”

“ನಾನು ಅವರ ಹೆಂಡ್ತಿ.”

“ಹೌದಲ್ವಾ” ಅಂದಳು. ಒಂದು ಕಾಯಿ ಸುಲಿದಳು. “ನಿಮ್ಮ ಹತ್ರ ಬಂದವರ ಹೆಂಡ್ತಿಯರು ಬಂದು ಕೇಳಿದ್ರೆ ನೀವು ಹೇಳ್ತೀರಾ?”

ಹೇಳುವುದಿಲ್ಲ. ಅದು ನನ್ನ ನಾಲ್ಕು ಸರ್ಟಿಫಿಕೇಟುಗಳಲ್ಲಿ ಮೊದಲನೆಯದರ ಮೊದಲನೆಯ ಪಾಠ. ಅದನ್ನು ಟೆಲಿಫೋನ್ ಆಪರೇಟರ್ ಒಬ್ಬಳಿಂದ ಹೇಳಿಸಿಕೊಂಡು, ನೀರು ಕುಡಿದು, ಲೋಟ ಕೆಳಗಿಟ್ಟು ಎದ್ದುಬಂದೆ. ಬೆಕ್ಕು ಬೆಂಚಿನ ಕೆಳಗಿನಿಂದ ಬಂದು ನನ್ನವರು ಕೂತಿದ್ದ ಜಾಗದಲ್ಲಿ ಮಲಗಿತು.

ಬೇರೆ ಹೆಂಗಸಿನ ಜೊತೆ ಗಂಡನಿಗೆ ಸಂಬಂಧವಿದ್ದರೆ ಏನು ಮಾಡಬೇಕು ಅಂತ ನನ್ನಲ್ಲಿಗೆ ಬಂದು ಅತ್ತವರು ಎಷ್ಟೋ ಜನ. ಅವರೆಲ್ಲರ ಸಂಕಟ ನನಗೆ ಆ ದಿನ ಸಣ್ಣದಾಗಿ ಕಂಡಿತು. ಅವರ ಗಂಡಂದಿರು ಹೋದದ್ದು ಬೇರೆಯದಕ್ಕೆ. ನನ್ನವರು ಮಾತಿಗೆ ಹೋಗಿದ್ದರು. ಊರಿನವರೆಲ್ಲ ಮಾತಿಗೆ ನನ್ನ ಹತ್ತಿರ ಬಂದರೆ, ನನ್ನ ಮನೆಯ ಮನುಷ್ಯ ಮೂರು ಬೀದಿ ದಾಟಿ ಅರವತ್ತು ದಾಟಿದ ಮುದುಕಿಯ ಹತ್ತಿರ ಹೋಗಿ ಬೆಂಚು ಸುಡುವಷ್ಟು ಹೇಳಿ, ಮುಖ ತೊಳೆದುಕೊಂಡು ಬಂದು, ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ.

ಮಾರನೆಯ ದಿನ ನಾನು ಮಾಡಿದ ಕೆಲಸಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆಟೋ ತರಿಸಿ ಕೋಣೆಯ ತೇಗದ ಕುರ್ಚಿಯನ್ನು ಮನೆಗೆ ಸಾಗಿಸಿದೆ. ಊಟವಾದ ಮೇಲೆ ಹಜಾರದಲ್ಲಿ ಹಾಕಿ, “ಕೂತ್ಕೊಳ್ಳಿ” ಅಂದೆ. ಅವರ ಎಡಗಡೆಗೆ ಓರೆಯಾಗಿ ನನ್ನ ಕುರ್ಚಿ, ತೊಡೆಯ ಮೇಲೆ ನೋಟುಪುಸ್ತಕ.

“ಏನು ಇದು?” ಅಂದರು.

“ಸುಮ್ಮನೆ. ಈ ವಾರ ಹೇಗನ್ನಿಸ್ತು ನಿಮಗೆ?”

“ಚೆನ್ನಾಗಿತ್ತು.”

“ಯಾವುದಾದರೂ ವಿಷಯ ಮನಸ್ಸಿನಲ್ಲಿ ಕೊರೀತಾ ಇದೆಯಾ?”

“ಹಾಗೇನಿಲ್ಲ” ಅಂದರು. ಹಾಗೇನಿಲ್ಲ ಅಂದ ಮೇಲೆ ಗಡಿಯಾರ ನೋಡಿದರು. “ಐವತ್ತು ನಿಮಿಷಾನಾ?”

ಹನ್ನೊಂದು ವರ್ಷದಲ್ಲಿ ಯಾರ ಮುಂದೆಯೂ ನೋಟುಪುಸ್ತಕ ಎಸೆದವಳಲ್ಲ. ಎಸೆದೆ. ಅದು ಹೋಗಿ ಕಿಟಕಿಗೆ ಬಡಿದು ಬಿತ್ತು.

“ಇಂದಕ್ಕನ ಬೆಂಚು ಮುಟ್ಟಿ ಬಂದಿದ್ದೀನಿ ನಾನು. ನೀವು ಮಾಡಿದ ಸಿಪ್ಪೆ ರೈಲೂ ನೋಡಿದೆ. ನನ್ನ ಹೊಟ್ಟೆ ಹೇಗೆ ಉರೀತಾ ಇದೆ ಗೊತ್ತಾ ನಿಮಗೆ? ಊರಿನ ಕಷ್ಟ ಕೇಳೋಕೆ ಓದಿ ಬಂದವಳು ನಾನು. ದಿನಾ ನೀವು ಎದ್ದ ಮೇಲೆ ಕುರ್ಚಿ ಮುಟ್ಟಿ ನೋಡ್ತೀನಿ, ಇವತ್ತಾದ್ರೂ ಬೆಚ್ಚಗಿದೆಯಾ ಅಂತ. ಹತ್ತೊಂಬತ್ತು ವರ್ಷ. ಕೊನೆಗೆ ನಿಮ್ಮೊಳಗೆ ಏನೂ ಇಲ್ಲ ಅಂದ್ಕೊಂಡು ಬದುಕೋದನ್ನ ಕಲಿತೆ. ಇತ್ತಲ್ಲ, ಅವಳಿಗೆ ಕೊಟ್ಟಿರಲ್ಲ. ನನಗೆ ಯಾಕೆ ಕೊಡಲಿಲ್ಲ ರೀ?”

ಮಾತಾಡುತ್ತಿದ್ದ ಹಾಗೆ ನನ್ನ ಕುರ್ಚಿ ಬಿಸಿಯಾಗತೊಡಗಿತು. ನನಗೇ ಗಾಬರಿಯಾಯಿತು. ಇಷ್ಟು ವರ್ಷದಲ್ಲಿ ನಾನು ಕೂತ ಜಾಗ ಬಿಸಿಯಾದದ್ದು ಅದೇ ಮೊದಲು.

ಅವರು ಕೈ ಚಾಚಿ ನನ್ನ ಕುರ್ಚಿಯ ಅಂಚನ್ನು ಮುಟ್ಟಿ ನೋಡಿದರು. ಮುಟ್ಟಿದ ಕೈ ತೆಗೆಯಲಿಲ್ಲ.

“ನಾನೂ ನೋಡ್ತೀನಿ” ಅಂದರು. “ನೀನು ತಟ್ಟೆ ಎತ್ಕೊಂಡು ಒಳಗೆ ಹೋದಾಗ. ನಿಂದೂ ತಣ್ಣಗೇ ಇರ್ತಿತ್ತು ಮಂದಾ.”

ನಾನು ಕಿಟಕಿಯ ಕೆಳಗೆ ಬಿದ್ದಿದ್ದ ನೋಟುಪುಸ್ತಕದ ಕಡೆ ನೋಡಿದೆ.

“ಸಂಜೆ ಬೀಗ ಹಾಕೋವಾಗ ಈ ಕುರ್ಚೀನೂ ಮುಟ್ತಿದ್ದೆ. ಯಾರ್ಯಾರೋ ಬಂದು ನಿನ್ನ ಹತ್ರ ಹೇಳ್ಕೊಂಡು ಹೋಗಿರೋರು. ಅವರನ್ನ ಕಂಡ್ರೆ ಆಗ್ತಿರಲಿಲ್ಲ ನನಗೆ. ಎಲಿಯಾಸ್ ಮೇಷ್ಟ್ರು ಕನ್ನಡಕ ರಿಪೇರಿಗೆ ಕೊಟ್ರೆ ಬೇಕೂಂತಲೇ ವಾರಗಟ್ಟಲೆ ಓಡಾಡಿಸಿದ್ದೀನಿ.” ಅವರು ನನ್ನ ಕುರ್ಚಿಯಿಂದ ಕೈ ತೆಗೆದರು. “ವಾಮನ ರಾವ್ ಅಂತ ಚೀಟಿ ಬರ್ತಿತ್ತಲ್ಲ. ಅದು ನಾನೇ.”

ಚೀಟಿಯ ದೊಡ್ಡ ದೊಡ್ಡ ಬಿಡಿ ಅಕ್ಷರಗಳು ಕಣ್ಣಮುಂದೆ ಬಂದವು. ಅಂಗಡಿಯ ಗೋಡೆಯ ಮೇಲೆ ಕಣ್ಣು ಪರೀಕ್ಷೆಗೆ ಅಂತ ಅವರು ಕೈಯಾರೆ ಬರೆದು ತೂಗುಹಾಕಿದ್ದ ಪಟದಲ್ಲಿರುವುದೂ ಅವೇ ಅಕ್ಷರ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ, ಗುರುತು ಸಿಕ್ಕಿರಲಿಲ್ಲ.

“ಮೂರು ಸಲಾನೂ ಬಾಗಿಲ ತನಕ ಬಂದೆ. ಸ್ವಲ್ಪ ಮುಂಚೆ ಬಂದ್ಬಿಡ್ತಿದ್ದೆ, ಒಳಗೆ ಯಾರಾದ್ರೂ ಇರೋರು. ನೀನು ಅವರಿಗೆ ‘ಆಮೇಲೆ?’ ಅಂತ ಕೇಳೋದು ಹೊರಗೆ ಕೇಳಿಸೋದು. ಆ ದನೀಲಿ ನೀನು ಮನೇಲಿ ಒಂದು ಸಲಾನೂ ನನ್ನ ಕೇಳಿಲ್ಲ. ನನ್ನ ಹೆಂಡ್ತಿ ಹತ್ರ ಹೇಳ್ಕೊಳ್ಳೋಕೆ ಚೀಟಿ ಹಾಕಿ ಕಾಯ್ತಾ ಇದ್ದೀನಲ್ಲ ಅಂತ ನಾಚಿಕೆಯಾಗಿ ವಾಪಸ್ಸು ಇಳಿದುಬಿಡ್ತಿದ್ದೆ. ಒಂದು ಸಲ ಹಾಗೆ ಇಳಿದು ಹೋಗ್ತಾ ಇದ್ದಾಗ ಇಂದಕ್ಕ ಜಗುಲೀಲಿ ಕೂತಿದ್ರು. ಬಿಸಿಲಿದೆ, ಕೂತು ಹೋಗಪ್ಪ ಅಂದ್ರು.”

ಇಷ್ಟು ಹೇಳಿ ನಿಲ್ಲಿಸಿದರು. ಇಂಥ ಕಡೆ ಜನ ನಿಲ್ಲಿಸುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಹೇಳಬೇಕಾದ್ದು ಇನ್ನೂ ಬಂದಿರುವುದಿಲ್ಲ. ಅಡುಗೆಮನೆಯಲ್ಲಿ ಅವರೆಕಾಯಿಯ ಚೀಲವಿತ್ತು. ಹೋಗಿ ತಂದು ಇಬ್ಬರ ನಡುವೆ ಸುರಿದೆ. ಹೌದು, ಇಂದಕ್ಕನ ವಿದ್ಯೆಯೇ, ಕದ್ದೆ. ಅವರು ಒಂದು ಕಾಯಿ ಎತ್ತಿಕೊಂಡರು, ನಾನೂ ಒಂದು ಎತ್ತಿಕೊಂಡೆ.

“ಆಮೇಲೆ?” ಅಂದೆ.

ಅವರು ಕಾಳು ಬಿಡಿಸಿದರು. ಸಿಪ್ಪೆಯೊಳಗೆ ಇನ್ನೊಂದು ಸಿಪ್ಪೆ ಸಿಕ್ಕಿಸಿದರು. ಆಗ ನೋಡಿದೆ, ಅವರು ಕೈಯ ಕಡೆ ನೋಡುತ್ತಿರಲಿಲ್ಲ. ಬೆರಳುಗಳೇ ತಡವಿ, ತುದಿ ಹುಡುಕಿ, ಸೇರಿಸುತ್ತಿದ್ದವು.

“ಎಡಗಣ್ಣು ಪೂರ್ತಿ ಹೋಗಿದೆ” ಅಂದರು. “ಎರಡು ವರ್ಷ ಆಯ್ತು. ದೊಡ್ಡಾಸ್ಪತ್ರೇಲಿ ತೋರಿಸ್ದೆ, ಅದು ಬರಲ್ಲ ಅಂದ್ರು. ಬಲಗಣ್ಣೂ ನಿಧಾನಕ್ಕೆ ಹಿಂದೇನೇ ಹೋಗ್ತಾ ಇದೆ. ಅಂಗಡೀಲಿ ಪಟ ಬಾಯಿಪಾಠ ಇದೆ, ಅದರಲ್ಲೇ ನಡೀತಿದೆ. ಇದು, ಬೆರಳಿಗೆ ಅಭ್ಯಾಸ ಆಗ್ಲಿ ಅಂತ.” ಸಿಪ್ಪೆಯ ರೈಲನ್ನು ಎತ್ತಿ ತೋರಿಸಿದರು. “ಕನ್ನಡಕದವನ ಕಣ್ಣೇ ಹೋಗಿದೆ ಅಂತ ಗೊತ್ತಾದ್ರೆ ಯಾರು ಬರ್ತಾರೆ. ಅದಕ್ಕಿಂತ ಹೆಚ್ಚಾಗಿ, ನಿನಗೆ ಹೇಳಿದ್ರೆ ನೀನು ನನಗೊಂದು ಫೈಲ್ ಮಾಡಿ, ಸಮಾಧಾನ ಹೇಳ್ತೀಯ ಅಂತ ಭಯ. ನನಗೆ ಸಮಾಧಾನ ಬೇಕಿರಲಿಲ್ಲ.”

ಸಮಾಧಾನದ ಮಾತು ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು, ಅದನ್ನು ನುಂಗಿದೆ. ಇಂದಕ್ಕನಿಗೆ ಇದು ನನಗಿಂತ ಎರಡು ವರ್ಷ ಮೊದಲೇ ಗೊತ್ತಿತ್ತು ಅನ್ನುವ ಉರಿ ಆಗಲೂ ಇತ್ತು, ಈಗಲೂ ಆರಿಲ್ಲ, ಇರಲಿ. ಅವರ ಕುರ್ಚಿ ಎಷ್ಟು ಬಿಸಿಯಾಗಿದೆ, ಆ ಬೆಂಚಿನಷ್ಟು ಆಗಿದೆಯೋ ಇಲ್ಲವೋ ಅಂತ ಮುಟ್ಟಿ ನೋಡಲು ಕೈ ತುರಿಸಿತು. ಮುಟ್ಟಲಿಲ್ಲ.

ಅವರು ಇನ್ನೊಂದು ಕಾಯಿ ಎತ್ತಿಕೊಂಡು, ಮಾತಾಡುತ್ತಲೇ ನನ್ನ ಮುಖ ನೋಡಲು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಕತ್ತು ಅಷ್ಟು ತಿರುಗಿಸಿದರೆ ಮಾತ್ರ ನಾನು ಅವರಿಗೆ ಕಾಣುತ್ತಿದ್ದೆ. ಊಟದ ಮೇಜಿನಲ್ಲಿ ಎರಡು ವರ್ಷ, ದಿನಕ್ಕೆ ಎರಡು ಹೊತ್ತು, ನಾನು ಕಾಣದ ಕಡೆಗೇ ಕೂತು ಬಡಿಸಿದ್ದೆ.

ನಾನು ಎದ್ದು, ಇನ್ನೂ ಬಿಸಿಯಿದ್ದ ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಅವರ ಬಲಗಡೆಗೆ ಹಾಕಿಕೊಂಡು ಕೂತೆ.